ಮರದ ಚಕ್ಕೆ ಕಷಾಯ: ಮರ ಗುರುತು ಹಿಡಿಯೋದ್ರಿಂದ ಲೋಟಕ್ಕೆ ಬಗ್ಗಿಸೋವರೆಗೆ

ಕೆಲವು ವರ್ಷದ ಹಿಂದೆ ಒಂದಿನ ಹೊಳೆಮತ್ತಿ ಮರದ ಚಕ್ಕೆ, ಅಂದ್ರೆ ತೊಗಟೆ, ಹಾಕಿ ಕಷಾಯ ಮಾಡೋಣ ಅಂತ ಕೈಗೆ ಸಿಕ್ಕ ಕಬ್ಬಿಣದ ಬಾಣಲೆ ಒಲೆ ಮೇಲಿಟ್ಟು ಕುದಿಸೋಕೆ ಶುರು ಮಾಡಿದೆ, ಹತ್ತು ನಿಮಿಷದಲ್ಲಿ ಕೆಂಪಗಿದ್ದ ನೀರು ಕಪ್ಪಾಯ್ತು, ಕಪ್ಪು ಅಂದ್ರೆ ಅಪ್ಪಟ ಶಾಯಿ ಕಪ್ಪು. ಆಯಿ ಬಂದು ಇಣುಕಿ ನೋಡಿ "ತಮಾ, ಇದ್ರಲ್ಲಿ ಪತ್ರ ಬರೀತ್ಯ, ಕುಡೀತ್ಯ?" ಅಂದ್ಲು. ಬಿ.ಎಸ್ಸಿಯಲ್ಲಿ ಮೂರು ವರ್ಷ ಕೆಮಿಸ್ಟ್ರಿ ಓದಿದವ ನಾನು, ಅವಳು ಶಾಲೆ ಬಿಟ್ಟಿದ್ದು ಏಳನೇ ಕ್ಲಾಸಿಗೆ, ಆದ್ರೆ ಅವಳು ಹೇಳಿದ್ದೇ ಸರಿ. ಚಕ್ಕೆಯಲ್ಲಿರೋ ಟ್ಯಾನಿನ್ ಅನ್ನೋ ಒಗರು ಅಂಶ ಕಬ್ಬಿಣಕ್ಕೆ ಸೇರಿದ್ರೆ ಆಗೋದು ಶಾಯಿನೇ, ಹಿಂದಿನ ಕಾಲದಲ್ಲಿ ಬರೆಯೋ ಶಾಯಿ ಮಾಡ್ತಿದ್ದಿದ್ದೇ ಹಾಗೆ. ಆ ಬಾಣಲೆ ತಿಕ್ಕಿ ತಿಕ್ಕಿ ಸಾಕಾದ ಮೇಲೆ ಇದನ್ನೆಲ್ಲ ಒಂದ್ಸಲ ಸರಿಯಾಗಿ ಬರೆದಿಡಬೇಕು ಅನ್ಸಿತ್ತು, ಈಗ ಬರೀತಾ ಇದೀನಿ.

ಮೊದ್ಲೇ ಹೇಳಿಬಿಡ್ತೀನಿ, ನಾನು ವೈದ್ಯ ಅಲ್ಲ, ಶಿರಸಿ ಕಡೆ ಅಡಿಕೆ ತೋಟ ಇಟ್ಕೊಂಡು ಇರೋನು. ಅಜೀರ್ಣ, ಬಾಯಿಹುಣ್ಣು, ಸಣ್ಣಪುಟ್ಟ ಗಾಯ, ಬೇಸಿಗೆಯ ಉಷ್ಣ, ಇಂಥವಕ್ಕೆ ಮನೆಯಲ್ಲಿ ಮಾಡ್ಕೊಳ್ಳೋ ಲೆಕ್ಕದಲ್ಲಿ ಓದಿ. ಹಾರ್ಟ್, ಶುಗರ್ ಮಾತ್ರೆ ಬಿಟ್ಟು ಚಕ್ಕೆ ಕುಡಿಯೋಕೆ ಅಂತ ಅಲ್ಲ.

ಮೊದಲ ಕೆಲಸ: ಮರ ಯಾವ್ದು ಅಂತ ಖಾತ್ರಿ

ಇದೊಂದನ್ನ ಓದಿ ಉಳಿದಿದ್ದನ್ನ ಬಿಟ್ರೂ ಅಡ್ಡಿಲ್ಲ. ಭಟ್ಕಳ ದಾಟಿ ಕೆಳಗೆ ಹೋದ್ರೆ ಉಡುಪಿ, ಮಂಗಳೂರು ಕಡೆ ಆಟಿ ಅಮಾವಾಸ್ಯೆ ದಿನ ಬೆಳಕು ಹರಿಯೋ ಮುಂಚೆ ಹಾಲೆ ಮರದ ಕೆತ್ತೆ ತಂದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಅರೆದು, ಕಾಯಿಸಿದ ಬಿಳಿಕಲ್ಲು ಅದ್ದಿ, ಖಾಲಿ ಹೊಟ್ಟೆಗೆ ಕುಡೀತಾರೆ. ತುಳುವಲ್ಲಿ ಅದಕ್ಕೆ ಪಾಲೆ ಅಂತಾರೆ, ನಮ್ಮಲ್ಲಿ ಮದ್ದಾಲೆ ಅನ್ನೋರೂ ಇದಾರೆ. ಪದ್ಧತಿ ಚೆನ್ನಾಗೇ ಇದೆ, ಆದ್ರೆ ಕತ್ತಲಲ್ಲಿ ಕಾಡಿಗೆ ಹೋಗಿ ಹಾಲೆ ಅಂತ ತಿಳ್ಕೊಂಡು ಕಾಸರಕ ಅನ್ನೋ ವಿಷದ ಮರದ ಚಕ್ಕೆ ಕೆತ್ತಿ ತಂದು ಕುಡಿದು ಸತ್ತವರಿದಾರೆ. ಎರಡೂ ಕಹಿ. ಎರಡರ ಚಕ್ಕೆಯೂ ಬೂದುಬಣ್ಣ. ಬ್ಯಾಟರಿ ಬೆಳಕಲ್ಲಿ ಕಾಂಡ ಮಾತ್ರ ನೋಡಿದ್ರೆ ಅನುಭವಸ್ಥರೂ ತಪ್ಪಬಹುದು, ಅದಕ್ಕೇ ಹಗಲಲ್ಲೇ ಹೋಗಿ, ತಲೆ ಎತ್ತಿ ಎಲೆ ನೋಡಿ.

ಹಾಲೆ ಮರದಲ್ಲಿ ಒಂದೇ ಗೆಣ್ಣಿಂದ ಸುತ್ತಲೂ ನಾಲ್ಕರಿಂದ ಏಳು ಎಲೆ ಕೊಡೆ ಬಿಚ್ಚಿದ ಹಾಗೆ ಬಂದಿರುತ್ತೆ, ಸಪ್ತಪರ್ಣಿ ಅನ್ನೋ ಹೆಸರು ಅದರಿಂದಲೇ. ಟೊಂಗೆಗಳೂ ಅಂತಸ್ತು ಅಂತಸ್ತಾಗಿ ಸುತ್ತ ಹೊರಟಿರುತ್ತವೆ. ಕತ್ತಿ ತಾಗಿಸಿದ್ರೆ ಹಾಲು ಸುರಿಯುತ್ತೆ. ಕಾಸರಕದಲ್ಲಿ ಎಲೆ ಎದುರುಬದುರು ಜೋಡಿ ಜೋಡಿ, ದುಂಡಗೆ, ಹೊಳಪು, ಬುಡದಿಂದಲೇ ಮೂರು ಅಥವಾ ಐದು ನರ ಎದ್ದು ಕಾಣ್ತವೆ, ಕಾಯಿ ಹಣ್ಣಾದಾಗ ಕಿತ್ತಳೆ ಬಣ್ಣದ ಚೆಂಡು. ಹಾಲು ಬರಲ್ಲ.

ಹಾಗಾದ್ರೆ ಹಾಲು ಬಂದ್ರೆ ಸಾಕಾ? ಸಾಲದು. ಹಾಲೆ ಇರೋದು ಕಣಗಿಲೆ ಕುಟುಂಬದಲ್ಲಿ, ಆ ಕುಟುಂಬದಲ್ಲಿ ಮುಕ್ಕಾಲುವಾಸಿ ಗಿಡಮರಕ್ಕೂ ಹಾಲಿದೆ. ಕರಾವಳಿಯ ಹಿನ್ನೀರು ದಂಡೆಯಲ್ಲಿ ಬೆಳೆಯೋ, ಕೇರಳದವರು ಒತಳಂ ಅನ್ನೋ ಮರಕ್ಕೂ ಹಾಲು ಬರುತ್ತೆ, ಅದರ ಬೀಜ ತಿಂದ್ರೆ ಹೃದಯ ನಿಲ್ಲುತ್ತೆ. ಇನ್ನೊಂದು ಕಡೆ, ಬುಡದಿಂದ ಮೂರು ನರ ಇರೋ ಎಲೆ ಅಂದ್ರೆ ನಮಗೆ ತಟ್ಟನೆ ನೆನಪಾಗೋದು ಕಾಡು ದಾಲ್ಚಿನ್ನಿ, ಆದ್ರೆ ಈಗ ತಾನೇ ಹೇಳಿದ ಹಾಗೆ ಕಾಸರಕಕ್ಕೂ ಅದೇ ಥರ ನರ. ದಾಲ್ಚಿನ್ನಿ ಎಲೆ ಉಜ್ಜಿದ್ರೆ ಘಮ್ ಅನ್ನುತ್ತೆ, ಕಾಸರಕದ್ದು ಅನ್ನಲ್ಲ. ಅಂದ್ರೆ ಒಂದೇ ಗುರುತು ನಂಬಬಾರದು, ಎಲೆ ಜೋಡಣೆ, ಹಾಲು, ವಾಸನೆ, ಕಾಯಿ ಇವುಗಳಲ್ಲಿ ಕನಿಷ್ಠ ಮೂರು ಹೊಂದಬೇಕು. ಅನುಮಾನ ಇದ್ರೆ ಎಲೆ, ಹೂವು ಇರೋ ಒಂದು ಟೊಂಗೆ ಹಿಡ್ಕೊಂಡು ಶಿರಸಿಯ ಅರಣ್ಯ ಕಾಲೇಜಿಗೆ ಹೋಗಿ ಕೇಳಿ, ಬರೀ ಚಕ್ಕೆ ತುಂಡು ತೋರಿಸಿದ್ರೆ ಅವರಿಗೂ ಕಷ್ಟ. ನಾಲಿಗೆಗೆ ಇಟ್ಟು ನೋಡೋ ಪರೀಕ್ಷೆ ಬೇಡವೇ ಬೇಡ.

ಕಾಸರಕದಲ್ಲಿ ಇರೋದು ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಅನ್ನೋ ಎರಡು ಆಲ್ಕಲಾಯ್ಡ್, ಅಂದ್ರೆ ಗಿಡದಲ್ಲಿರೋ, ಸ್ವಲ್ಪಕ್ಕೇ ಮೈಮೇಲೆ ಜೋರು ಕೆಲಸ ಮಾಡೋ ಜಾತಿಯ ರಾಸಾಯನಿಕ. ನಮ್ಮ ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ "ಸಾಕು, ಸಡಿಲ ಬಿಡು" ಅಂತ ಹೇಳೋ ಗ್ಲೈಸಿನ್ ಅನ್ನೋ ರಾಸಾಯನಿಕ ಇದೆ, ಸ್ಟ್ರಿಕ್ನಿನ್ ಅದು ಕೂರೋ ಜಾಗವನ್ನೇ ಹಿಡ್ಕೊಂಡು ಬಿಡುತ್ತೆ, ಆಮೇಲೆ ಸಣ್ಣ ಸದ್ದಿಗೂ ಮೈಯೆಲ್ಲ ಬಿಲ್ಲಿನ ಹಾಗೆ ಸೆಟೆದುಕೊಳ್ಳುತ್ತೆ, ಅಷ್ಟು ಹೊತ್ತೂ ಎಚ್ಚರ ಇರುತ್ತೆ ಅನ್ನೋದು ಇನ್ನೂ ಘೋರ. ಕುದಿಸಿದ್ರೆ ವಿಷ ಹೋಗುತ್ತೆ ಅನ್ನೋ ಮಾತು ಸುಳ್ಳು, ಇದು ಕುದಿಯೋ ನೀರಿಗೆ ಜಗ್ಗಲ್ಲ. ಕುಡಿದು ಹದಿನೈದು ನಿಮಿಷದಿಂದ ಒಂದು ತಾಸಿನೊಳಗೆ ಕತ್ತು, ದವಡೆ ಬಿಗಿಯೋಕೆ ಶುರುವಾದ್ರೆ ವಾಂತಿ ಮಾಡಿಸೋಕೆ ಹೋಗಬೇಡಿ, ಮಜ್ಜಿಗೆ ಪಜ್ಜಿಗೆ ಕುಡಿಸ್ತಾ ಕೂರಬೇಡಿ, ಸದ್ದು ಗದ್ದಲ ಇಲ್ಲದ ಹಾಗೆ ಮಲಗಿಸಿ 108ಕ್ಕೆ ಫೋನ್ ಮಾಡಿ, ಉಳಿದ ಚಕ್ಕೆ ತುಂಡನ್ನ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ.

ಒಂದು ತಮಾಷೆ ನೋಡಿ. ಪೆಲೆಟಿಯೆ, ಕಾವಾಂತು ಅಂತ ಫ್ರಾನ್ಸಿನ ಇಬ್ಬರು ಔಷಧ ತಜ್ಞರು 1818ರಲ್ಲಿ ಸ್ಟ್ರಿಕ್ನಿನ್, 1819ರಲ್ಲಿ ಬ್ರೂಸಿನ್ ಬೇರ್ಪಡಿಸಿದ್ರು, 1820ರಲ್ಲಿ ಅದೇ ಇಬ್ಬರು ಸಿಂಕೋನ ತೊಗಟೆಯಿಂದ ಕ್ವಿನೈನ್ ತೆಗೆದ್ರು. ಬ್ರೂಸಿನ್ ಸಿಕ್ಕಿದ್ದು ಬೀಜದಲ್ಲಲ್ಲ, ತೊಗಟೆಯಲ್ಲಿ, ಅದೂ ಬೇರೆ ಯಾವುದೋ ಗಿಡದ್ದು ಅಂತ ತಪ್ಪು ತಿಳಿದಿದ್ದ ತೊಗಟೆಯಲ್ಲಿ, ಆಮೇಲೆ ನೋಡಿದ್ರೆ ಅದು ಕಾಸರಕದ್ದೇ. ಅಂದ್ರೆ ಈ ಮರ ಆಗಿನ ಕಾಲದಲ್ಲೇ ಪ್ಯಾರಿಸ್ಸಿನವರಿಗೂ ಟೋಪಿ ಹಾಕಿದೆ.

ಎಲ್ಲಿಂದ ತೆಗೆಯೋದು, ಹೇಗೆ ತೆಗೆಯೋದು

ತೊಗಟೆ ಅಂದ್ರೆ ಒಂದೇ ಪದರ ಅಲ್ಲ. ಹೊರಗಿನ ಒರಟು ಸಿಪ್ಪೆ ಸತ್ತಿದ್ದು, ಬಾಟಲಿ ಬಿರಡೆ ಇರುತ್ತಲ್ಲ ಅಂಥದ್ದು, ಅದರಲ್ಲಿ ಮದ್ದಿನ ಅಂಶ ಕಮ್ಮಿ, ಕಲ್ಲುಹೂವು, ಪಾಚಿ, ಇರುವೆ, ಧೂಳು ಜಾಸ್ತಿ. ಒಳಗಡೆಯ ಹಸಿ ಪದರದಲ್ಲೇ ಮರದ ಊಟ ಎಲೆಯಿಂದ ಬೇರಿಗೆ ಇಳಿಯೋದು, ನಮಗೆ ಬೇಕಾಗಿದ್ದೂ ಅದೇ. ಮರ ಅಲ್ಲಿ ಒಗರು, ಕಹಿ ತುಂಬಿಟ್ಟಿರೋದು ನಮ್ಮ ಕಷಾಯಕ್ಕಂತ ಅಲ್ಲ ಕಣ್ರಿ, ಹುಳ, ಶಿಲೀಂಧ್ರ, ಜಿಂಕೆ ಬಾಯಿ ಹಾಕಬಾರದು ಅಂತ. ಹುಳಕ್ಕೆ ವಿಷ ಆಗಿದ್ದು ನಮಗೆ ಅಳತೆ ಮೇಲೆ ಮದ್ದು, ಅಷ್ಟೇ.

ಕಾಂಡಕ್ಕೆ ಕತ್ತಿ ಹಾಕೋ ಅಗತ್ಯವೇ ಇಲ್ಲ ಅನ್ನೋದು ನನ್ನ ವಾದ. ನಮ್ಮಲ್ಲಿ ಸೊಪ್ಪಿನ ಬೆಟ್ಟ ಇದೆ, ಅಂದ್ರೆ ತೋಟದವರು ಸೊಪ್ಪು ತರೋ ಕಾಡು, ಅಲ್ಲಿ ಸೊಪ್ಪು ಕಡಿಯೋವಾಗ ಮತ್ತಿ, ನೇರಳೆ, ಅತ್ತಿ ಟೊಂಗೆ ಹೇಗಿದ್ರೂ ಕೆಳಗೆ ಬೀಳುತ್ತೆ, ಎಲೆ ಕೊಟ್ಟಿಗೆಗೆ, ಕೋಲು ಒಲೆಗೆ, ಮಧ್ಯದ ಚಕ್ಕೆ ಸುಮ್ಮನೆ ಸುಟ್ಟು ಹೋಗುತ್ತೆ. ಕೈಮಣಿಕಟ್ಟು ದಪ್ಪದ ಟೊಂಗೆ ಆರಿಸಿ, ಹಸಿ ಇರುವಾಗಲೇ ಉದ್ದಕ್ಕೆ ಸೀಳು ಹಾಕಿ ಎಳೆದ್ರೆ ಬಾಳೆಪಟ್ಟೆ ಬಿಚ್ಚಿದ ಹಾಗೆ ಬರುತ್ತೆ, ಎರಡು ದಿನ ಬಿಟ್ರೆ ಕೋಲಿಗೆ ಅಂಟಿಕೊಂಡು ಪ್ರಾಣ ತಿನ್ನುತ್ತೆ. ಬೆಟ್ಟದಲ್ಲಿ ಸೊಪ್ಪು ತರೋ ಹಕ್ಕಿದೆ ಅಂದ ಮಾತ್ರಕ್ಕೆ ಮರ ನಮ್ಮದಾಗಲ್ಲ, ರಿಸರ್ವ್ ಫಾರೆಸ್ಟಿಂದ ಚಕ್ಕೆ ತರೋದಂತೂ ನೇರ ಕೇಸು. ಕಾಂಡದಿಂದಲೇ ಬೇಕು ಅಂತಾದ್ರೆ ಮನೆ ಹಿತ್ತಲಿನ ದೊಡ್ಡ ಮರದಲ್ಲಿ ಅಂಗೈ ಅಗಲದ ಉದ್ದ ಪಟ್ಟಿ, ಒಂದೇ ಒಂದು, ಸುತ್ತ ಬಳಸಿ ಅಲ್ಲ, ಮರದ ಬಿಳಿ ಭಾಗಕ್ಕೆ ಕತ್ತಿ ತಾಗದ ಹಾಗೆ.

ಇನ್ನೊಂದು ವಿಷಯ, ಮಳೆ ನಿಂತ ಮೇಲೆ ಬೇಸಿಗೆ ತನಕ ಸಿದ್ದಾಪುರದ ಕಡೆ ಕಾಡಲ್ಲಿ ಉಣುಗು ಜಾಸ್ತಿ, ಮಂಗನ ಕಾಯಿಲೆ ಹರಡೋ ಕಾಲ ಅದು. ಕೈಕಾಲಿಗೆ ಉಣುಗು ಹತ್ತದ ಹಾಗೆ ಮಾಡೋ ಡೆಪಾ ಎಣ್ಣೆ ಹಚ್ಕೊಂಡು ಹೋಗಿ, ಬಂದ ಮೇಲೆ ಬಿಸಿನೀರು ಸ್ನಾನ, ಹಾಕಿದ ಬಟ್ಟೆನೂ ಬಿಸಿನೀರಿಗೆ.

ಒಣಗಿಸೋದು

ಹೊರಸಿಪ್ಪೆ ಹೆರೆದು, ನೀರಲ್ಲಿ ಒಂದ್ಸಲ ತೊಳೆದು, ಎರಡು ಬೆರಳು ಅಗಲ ತುಂಡು ಮಾಡಿ ನೆರಳಲ್ಲಿ ಗಾಳಿಯಾಡೋ ಕಡೆ ಹರವಿ. ಬಗ್ಗಿಸಿದ್ರೆ ಬಾಗಬಾರದು, ಲಟಕ್ ಅಂತ ಮುರೀಬೇಕು. ಘಟ್ಟದ ಮೇಲೆ ಚಳಿಗಾಲದಲ್ಲಿ ಒಂದು ವಾರ ಸಾಕು, ಕಾರವಾರ, ಅಂಕೋಲಾ, ಕುಮಟಾ ಕಡೆ ಉಪ್ಪುಗಾಳಿಗೆ ಇನ್ನೂ ನಾಲ್ಕು ದಿನ ಹಿಡಿಯುತ್ತೆ. ಜೂನಲ್ಲಿ ಮಾಡೋಕೆ ಹೋಗಬೇಡಿ, ಬೂಷ್ಟು ಬರುತ್ತೆ, ಬೂಷ್ಟು ಬಂದ ಚಕ್ಕೆ ಒರೆಸಿ ಬಿಸಿಲಿಗಿಟ್ಟು ಬಳಸೋದು ಬೇಡ, ಕೆಲವು ಬೂಷ್ಟು ಬಿಡೋ ಅಫ್ಲಾಟಾಕ್ಸಿನ್ ಕುದಿಸಿದ್ರೂ ಹೋಗಲ್ಲ, ಅದು ಲಿವರಿಗೆ ಕೇಡು. ಪುಡಿ ಮಾಡಿಡಬೇಡಿ, ತುಂಡಾಗೇ ಗಾಜಿನ ಬಾಟಲಿಯಲ್ಲಿಡಿ, ಬೇಕಾದಾಗ ಕುಟ್ಟಾಣಿಯಲ್ಲಿ ತರಿತರಿ ಕುಟ್ಟಿಕೊಳ್ಳಿ. ನುಣ್ಣಗೆ ಪುಡಿ ಮಾಡಿದ್ರೆ ಸೋಸೋಕೂ ಕಷ್ಟ. ಬಾಟಲಿ ಮೇಲೆ ಮರದ ಹೆಸರು, ತೆಗೆದ ತಿಂಗಳು ಬರೆದು ಚೀಟಿ ಅಂಟಿಸಿ, ಒಣಗಿದ ಮೇಲೆ ಎಲ್ಲ ಚಕ್ಕೆಯೂ ಒಂದೇ ಥರ ಕಾಣುತ್ತೆ.

ಒಳಗೇನಿದೆ ಅಂತ ಮನೆಯಲ್ಲೇ ನೋಡೋದು

ಇದು ಮಕ್ಕಳಿಗೆ ತೋರಿಸೋಕೂ ಚೆನ್ನಾಗಿರುತ್ತೆ. ಮರ ಯಾವ್ದು ಅಂತ ಇದರಿಂದ ಗೊತ್ತಾಗಲ್ಲ, ಗುರುತು ಗೊತ್ತಿರೋ ಚಕ್ಕೆಯಲ್ಲಿ ಯಾವ ಜಾತಿಯ ರಾಸಾಯನಿಕ ಇದೆ ಅಂತ ಮಾತ್ರ ಗೊತ್ತಾಗುತ್ತೆ.

ಸ್ವಲ್ಪ ಕಷಾಯದಲ್ಲಿ ತುಕ್ಕು ಹಿಡಿದ ಒಂದು ಮೊಳೆ ಹಾಕಿ ರಾತ್ರಿಯಿಡೀ ಬಿಡಿ. ಕಪ್ಪು-ನೀಲಿ ಆದ್ರೆ ಗ್ಯಾಲಿಕ್ ಆಸಿಡ್ ಜಾತಿಯ ಟ್ಯಾನಿನ್, ಕಪ್ಪು-ಹಸಿರು ಕಡೆ ತಿರುಗಿದ್ರೆ ಕೆಟೆಚಿನ್ ಜಾತಿಯದ್ದು, ಎರಡೂ ಬೆರೆತಿದ್ರೆ ಯಾವುದೂ ಸ್ಪಷ್ಟ ಆಗದ ಒಂದು ಕೆಸರು ಕಪ್ಪು. ನೇರಳೆ, ಮತ್ತಿ, ಮಾವು, ಅತ್ತಿ ಎಲ್ಲದರಲ್ಲೂ ಟ್ಯಾನಿನ್ ದಂಡಿ. ಟ್ಯಾನಿನ್ನಿನ ಕೆಲಸ ಏನಂದ್ರೆ ಪ್ರೋಟೀನಿಗೆ ಅಂಟಿಕೊಳ್ಳೋದು. ಅಡಿಕೆ ಅಗಿದಾಗ ಬಾಯಿ ಒಗರಾಗಿ ಜಗ್ಗಿದ ಹಾಗಾಗೋದು ಜೊಲ್ಲಿನ ಪ್ರೋಟೀನಿಗೆ ಅದು ಅಂಟಿದ್ದಕ್ಕೆ, ಚಪ್ಪಲಿ ಚರ್ಮ ಹದ ಮಾಡ್ತಿದ್ದಿದ್ದೂ ಇದೇ ಗುಣದಿಂದ, ಗಾಯದ ಮೇಲೆ, ಬಾಯಿಹುಣ್ಣಿನ ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟಿ ಉರಿ ಕಮ್ಮಿ ಮಾಡೋದೂ ಇದೇ.

ಇನ್ನೊಂದು, ಬಾಟಲಿಯಲ್ಲಿ ಅರ್ಧ ಕಷಾಯ ಹಾಕಿ ಜೋರಾಗಿ ಕುಲುಕಿ ಹತ್ತು ನಿಮಿಷ ಇಡಿ. ನೊರೆ ಇಳಿಯದೇ ನಿಂತ್ರೆ ಸಪೋನಿನ್ ಇದೆ ಅಂತ, ಅಂಟವಾಳ ಕಾಯಿಯಲ್ಲಿರೋ ಜಾತಿಯದ್ದು. ಹೊಳೆಮತ್ತಿಯಲ್ಲಿ ಇದೂ ಇದೆ. ಲೋಳೆ ಪರೀಕ್ಷೆಗೆ, ತಾನಾಗೇ ಬಿದ್ದ ಟೊಂಗೆ ಸಿಕ್ಕಿದ್ರೆ, ಗುಲ್ಮಾವಿನ ಚಕ್ಕೆ ಪುಡಿ ಒಂದು ಚಿಟಿಕೆಗೆ ನಾಲ್ಕು ಹನಿ ನೀರು ಹಾಕಿ ಬೆರಳಲ್ಲಿ ತಿಕ್ಕಿ ನೋಡಿ, ಅಂಟು ಅಂದ್ರೆ ಹಾಗೆ ಅಂಟು.

ಮಾಡೋ ವಿಧಾನ

ಪಾತ್ರೆ ಸ್ಟೀಲಿಂದು ಅಥವಾ ಮಣ್ಣಿನದು. ಕಬ್ಬಿಣ ಯಾಕೆ ಬೇಡ ಅಂತ ಹೇಳಿದೀನಿ, ಅಲ್ಯೂಮಿನಿಯಂ, ಕಲಾಯಿ ಹೋದ ತಾಮ್ರವೂ ಬೇಡ.

ಸಾದಾ ಕಷಾಯಕ್ಕೆ ತರಿ ಮಾಡಿದ ಚಕ್ಕೆ 1 ಪಾಲು, ನೀರು 16 ಪಾಲು. 10 ಗ್ರಾಂ ಚಕ್ಕೆಗೆ 160 ಎಂಎಲ್ ನೀರು. ಒಂದೆರಡು ತಾಸು ನೆನೆಸಿ, ಮುಚ್ಚಳ ಹಾಕದೇ ಸಣ್ಣ ಉರಿಯಲ್ಲಿ ಕಾಲು ಭಾಗಕ್ಕೆ, ಅಂದ್ರೆ 40 ಎಂಎಲ್‌ಗೆ ಇಳಿಸಿ, ಬಟ್ಟೆಯಲ್ಲಿ ಸೋಸಿ. ಚಕ್ಕೆ ಗಟ್ಟಿ ವಸ್ತು, ಅದಕ್ಕೇ ಇಷ್ಟು ನೀರು, ಇಷ್ಟು ಹೊತ್ತು, ಎಲೆ ಕಷಾಯದ ಹಾಗೆ ಐದು ನಿಮಿಷ ಕುದಿಸಿ ಇಳಿಸಿದ್ರೆ ಬಣ್ಣ ಮಾತ್ರ ಬರುತ್ತೆ. ದಾಲ್ಚಿನ್ನಿಗೆ ಮಾತ್ರ ಲೆಕ್ಕ ಉಲ್ಟಾ, ಅದರ ಗುಣ ಇರೋದು ಆವಿಯಾಗಿ ಹೋಗೋ ಎಣ್ಣೆಯಲ್ಲಿ, ಮನೆಯೆಲ್ಲ ಘಮ್ ಅಂತಿದ್ರೆ ಪಾತ್ರೆಯಲ್ಲಿ ಏನೂ ಉಳಿದಿಲ್ಲ ಅಂತ ಅರ್ಥ, ಹಾಗಾಗಿ ಬಿಸಿನೀರು ಹಾಕಿ ಮುಚ್ಚಿಟ್ರೆ ಸಾಕು.

ಹೊಳೆಮತ್ತಿಗೆ, ಅಂದ್ರೆ ಅರ್ಜುನಕ್ಕೆ, ಹಾಲಿನ ಕ್ರಮ. ಮರದ ಗುರುತು ಸುಲಭ, ಹೊಳೆ ಹಳ್ಳದ ದಂಡೆಯಲ್ಲಿ, ಕಾಂಡ ನುಣುಪು, ಬೂದು-ಗುಲಾಬಿ, ಹಪ್ಪಳದ ಹಾಗೆ ಸಿಪ್ಪೆ ಏಳುತ್ತೆ, ಕಾಯಿಗೆ ಐದು ರೆಕ್ಕೆ. ಬೆಟ್ಟದಲ್ಲಿರೋ ಕರಿಮತ್ತಿ ಕಾಂಡ ಮೊಸಳೆ ಬೆನ್ನಿನ ಹಾಗೆ ಒಡೆದಿರುತ್ತೆ, ಅದು ಬೇರೆ. ಆಯುರ್ವೇದದ ಕ್ಷೀರಪಾಕದ ಲೆಕ್ಕ ಚಕ್ಕೆ 1, ಹಾಲು 8, ನೀರು 32. 5 ಗ್ರಾಂ ಪುಡಿ, 40 ಎಂಎಲ್ ಹಾಲು, 160 ಎಂಎಲ್ ನೀರು ಸೇರಿಸಿ ಹಾಲಷ್ಟೇ ಉಳಿಯೋವರೆಗೆ ಕಾಯಿಸೋದು. ಮೊದ್ಲು ಇದು ಬರೀ ಶಾಸ್ತ್ರ ಅಂದ್ಕೊಂಡಿದ್ದೆ, ಆಮೇಲೆ ಹೊಳೀತು. ಹಾಲಿನ ಕೇಸಿನ್ ಅನ್ನೋ ಪ್ರೋಟೀನ್ ಒಗರು ಟ್ಯಾನಿನ್ನನ್ನ ಹಿಡ್ಕೊಳ್ಳುತ್ತೆ, ಹೊಟ್ಟೆ ತೊಳೆಸೋದು ತಪ್ಪುತ್ತೆ, ನೀರಿಗೆ ಸರಿಯಾಗಿ ಇಳಿಯದ ಅರ್ಜುನಿಕ್ ಆಸಿಡ್, ಅರ್ಜುನೋಲಿಕ್ ಆಸಿಡ್ ಥರದ ಟ್ರೈಟರ್ಪೀನುಗಳಿಗೆ ಹಾಲಿನ ಕೊಬ್ಬು ಆಸರೆ ಆಗುತ್ತೆ. ಚಹಾಕ್ಕೆ ಹಾಲು ಹಾಕಿದ್ರೆ ಒಗರು ಇಳಿಯೋದೂ ಇದೇ ಕಾರಣಕ್ಕೆ.

ಗಾಯ ತೊಳೆಯೋ ನೀರು, ಬಾಯಿ ಮುಕ್ಕಳಿಸೋ ನೀರಿಗೆ ಆಲ, ಅರಳಿ, ಅತ್ತಿ, ಬಸರಿ, ಹೂವರಸಿ ಐದರ ಚಕ್ಕೆ ಸಮಪಾಲು, ಇದೇ ಪಂಚವಲ್ಕಲ. ಹೂವರಸಿ ನಮಗಿಂತ ಕರಾವಳಿಯವರಿಗೆ ಸುಲಭ. ಎಲ್ಲ ಐದೂ ಸಿಗಲಿಲ್ಲ ಅಂದ್ರೆ ಅತ್ತಿ ಒಂದೇ ಆದ್ರೂ ಕೆಲಸ ಆಗುತ್ತೆ. ಆಳದ ಗಾಯ, ಕೀವು ತುಂಬಿದ ಗಾಯ, ಶುಗರ್ ಇರೋರ ಕಾಲಿನ ಗಾಯ ಡಾಕ್ಟರಿಗೆ ಬಿಡಿ.

ಬೇಸಿಗೆಗೆ ನಮ್ಮನೆಯಲ್ಲಿ ಮಾಡೋದು ಚಕ್ಕೆ ತಂಬ್ಳಿ. ನೇರಳೆ ಅಥವಾ ಅತ್ತಿಯ ಎಳೆ ಚಕ್ಕೆ ಹೆಬ್ಬೆರಳಷ್ಟು, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿ ಜೊತೆ ನುಣ್ಣಗೆ ಬೀಸಿ, ಸೋಸಿ, ಮಜ್ಜಿಗೆ, ಉಪ್ಪು, ಮೇಲಿಂದ ಒಗ್ಗರಣೆ. ಅಷ್ಟೇ. ಊಟ ಇದು, ಔಷಧಿ ಅಂತ ಮೂಗು ಮುಚ್ಚಿ ಕುಡಿಯೋ ಅಗತ್ಯ ಇಲ್ಲ.

ಆಲ್ಕಲಾಯ್ಡ್ ಇರೋ ಚಕ್ಕೆಗಳು: ಕೊಡಸಿಗೆ, ಹಾಲೆ, ಸಿಂಕೋನ

ಟ್ಯಾನಿನ್ ಹೆಚ್ಚಾದ್ರೆ ಮಲಬದ್ಧತೆ, ಹೊಟ್ಟೆ ತೊಳೆಸು. ಆಲ್ಕಲಾಯ್ಡ್ ಹೆಚ್ಚಾದ್ರೆ ನರಕ್ಕೆ, ಹೃದಯಕ್ಕೆ ಹೋಗುತ್ತೆ, ಹಾಗಾಗಿ ಇಲ್ಲಿ ಕೈಅಂದಾಜು ಸಲ್ಲ. ಕೊಡಸಿಗೆ, ಸಂಸ್ಕೃತದ ಕುಟಜ, ಆಮಶಂಕೆಗೆ ಹೆಸರುವಾಸಿ, ಚಕ್ಕೆಯಲ್ಲಿ ಕೊನೆಸಿನ್ ಅನ್ನೋ ಆಲ್ಕಲಾಯ್ಡ್ ಇದೆ, ಅಮೀಬಾ ಮೇಲೆ ಕೆಲಸ ಮಾಡುತ್ತೆ. ಅದರ ಹಾಗೇ ಕಾಣೋ ಬೆಪ್ಪಾಲೆ ಚಕ್ಕೆ ಬೆರಕೆ ಆಗಿ ಮಾರುಕಟ್ಟೆಗೆ ಬರುತ್ತೆ. ಇದನ್ನ ನಾನು ಮನೆಯಲ್ಲಿ ಮಾಡಲ್ಲ, ಆಯುರ್ವೇದ ಡಾಕ್ಟರು ಬರೆದುಕೊಟ್ಟ ಕುಟಜಾರಿಷ್ಟ ತಗೊಳ್ತೀನಿ. ಮಲದಲ್ಲಿ ರಕ್ತ, ಜ್ವರ ಇದ್ರೆ ಅದೂ ಇಲ್ಲ, ಸೀದಾ ಆಸ್ಪತ್ರೆ.

ಹಾಲೆಯಲ್ಲಿ ಎಕಿಟಮಿನ್ ಮುಂತಾದವು. ಕ್ವಿನೈನಿಗೆ ಬದಲಿ ಅಂತ ಒಂದು ಕಾಲದಲ್ಲಿ ಬಹಳ ನಂಬಿದ್ರು, ಆದ್ರೆ ಮಲೇರಿಯಾ ಮೇಲೆ ಕ್ವಿನೈನಿನ ಹಾಗೆ ಅದು ನಿಲ್ಲಲಿಲ್ಲ. ನಮ್ಮ ಜಿಲ್ಲೆಯ ಘಟ್ಟದ ಊರುಗಳು ಮಲೇರಿಯಾಕ್ಕೆ ಖಾಲಿಯಾದ ಕಥೆ ಹಳಬರು ಹೇಳ್ತಿದ್ರು, ಬ್ರಿಟಿಷರ ಕಾಲಕ್ಕೆ ಕ್ವಿನೈನ್ ಪೊಟ್ಟಣ ಪೋಸ್ಟ್ ಆಫೀಸಲ್ಲೇ ಮಾರ್ತಿದ್ರು. ಕಹಿ ಇರೋದೆಲ್ಲ ಜ್ವರಕ್ಕೆ ಆಗುತ್ತೆ ಅನ್ನೋ ನಂಬಿಕೆಗೆ ಈ ಕ್ವಿನೈನೂ ಒಂದು ಕಾರಣ ಅನ್ಸುತ್ತೆ ನನಗೆ. ಈಗ ಜ್ವರ ಅಂದ್ರೆ ಇಲಿಜ್ವರ ಇರಬಹುದು, ಡೆಂಗಿ, ಮಂಗನ ಕಾಯಿಲೆ ಇರಬಹುದು, ಒಂದೊಂದಕ್ಕೂ ಬೇರೆ ಟೆಸ್ಟು, ಬೇರೆ ಚಿಕಿತ್ಸೆ. ಜ್ವರಕ್ಕೆ ಚಕ್ಕೆ ಕುದಿಸ್ತಾ ಎರಡು ದಿನ ಕಳೀಬೇಡಿ.

ದಾಲ್ಚಿನ್ನಿ ತಗೊಳ್ಳೋವಾಗ

ಅಂಗಡಿಯಲ್ಲಿ ದಪ್ಪ, ಗಟ್ಟಿ, ಒಂದೇ ಸುರುಳಿ ಇರೋದು ಕ್ಯಾಸಿಯಾ. ತೆಳ್ಳಗೆ ಕಾಗದದ ಹಾಗೆ ಪದರ ಪದರ ಸುತ್ತಿ, ಬೆರಳಲ್ಲೇ ಪುಡಿಯಾಗೋದು ಸಿಲೋನ್ ದಾಲ್ಚಿನ್ನಿ. ವಾಸನೆ ಎರಡಕ್ಕೂ ಸಿನಮಾಲ್ಡಿಹೈಡಿಂದಲೇ, ಆದ್ರೆ ಕ್ಯಾಸಿಯಾದಲ್ಲಿ ಕೂಮರಿನ್ ಜಾಸ್ತಿ, ಅದು ಲಿವರಿಗೆ ಒಳ್ಳೇದಲ್ಲ. ಯುರೋಪಿನ ಆಹಾರ ಸುರಕ್ಷತೆಯವರು ಕೂಮರಿನ್ನಿಗೆ ಇಟ್ಟ ಮಿತಿ ದಿನಕ್ಕೆ ಕೆಜಿ ತೂಕಕ್ಕೆ 0.1 ಮಿಲಿಗ್ರಾಂ, ಅಂದ್ರೆ 60 ಕೆಜಿ ಮನುಷ್ಯನಿಗೆ ದಿನಾ ಸುಮಾರು 2 ಗ್ರಾಂ ಕ್ಯಾಸಿಯಾ ಪುಡಿಯಲ್ಲಿ ಮುಗೀತು. ಪಲಾವಿಗೆ ಹಾಕೋ ಒಂದು ತುಂಡಿಗೆ ಏನೂ ಆಗಲ್ಲ, ಶುಗರ್ ಇಳಿಯುತ್ತೆ ಅಂತ ವಾಟ್ಸಾಪ್ ನೋಡಿ ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ ತಿಂತಾರಲ್ಲ, ಅವರಿಗೆ ಹೇಳ್ತಿರೋದು.

ಮಾತ್ರೆ ತಿನ್ನೋರು

ಒಗರು ಕಷಾಯ ಊಟದ ಜೊತೆ ಬೇಡ, ಟ್ಯಾನಿನ್ ಊಟದಲ್ಲಿನ ಕಬ್ಬಿಣದಂಶ ಹಿಡ್ಕೊಂಡು ಬಿಡುತ್ತೆ, ರಕ್ತ ಕಮ್ಮಿ ಇರೋರು, ಐರನ್ ಮಾತ್ರೆ ತಗೊಳ್ಳೋರು ಎರಡು ತಾಸಾದ್ರೂ ಅಂತರ ಇಡಿ. ಬಿಪಿ, ಹಾರ್ಟ್, ಶುಗರ್, ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಡಾಕ್ಟರಿಗೆ ಹೇಳದೇ ಅರ್ಜುನ, ದಾಲ್ಚಿನ್ನಿ ದಿನಾ ಶುರು ಮಾಡಬೇಡಿ. ಬಸುರಿ, ಬಾಣಂತಿ, ಸಣ್ಣ ಮಕ್ಕಳಿಗೆ ತಂಬ್ಳಿ ಬಿಟ್ಟು ಬೇರೆ ಯಾವುದೂ ಬೇಡ. ಯಾವುದನ್ನೇ ಆಗಲಿ ಮೊದಲ ದಿನ ಎರಡು ಚಮಚ ಅಷ್ಟೇ.

ಮುಟ್ಟದೇ ಇರೋ ಮರಗಳು

ಅಶೋಕ. ಅಶೋಕಾರಿಷ್ಟಕ್ಕೆ ಅಂತ ಸುಲಿದು ಸುಲಿದು ಕಾಡಲ್ಲಿ ಅಪರೂಪ ಆಗಿದೆ, ಅದಕ್ಕೇ ಪೇಟೆಯಲ್ಲಿ ಅಶೋಕ ಚಕ್ಕೆ ಅಂತ ಕೊಡೋದು ಎಷ್ಟೋ ಸಲ ಶಾಲೆ ಕಾಂಪೌಂಡಲ್ಲಿ ನೆಟ್ಟಗೆ ಬೆಳೆಯೋ ಕಂಬದ ಅಶೋಕದ್ದು, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇನ್ನೊಂದು ದುರ್ವಾಸನೆ ಮರ, ಮರಾಠಿಯವರು ನರಕ್ಯಾ ಅಂತಾರೆ, ಕ್ಯಾನ್ಸರ್ ಔಷಧಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಇದರಲ್ಲಿದೆ. ಇದು 1966ರಲ್ಲಿ ಮೊದಲು ಸಿಕ್ಕಿದ್ದು ಚೀನಾದ ಒಂದು ಮರದಲ್ಲಿ, ಆಮೇಲೆ ನಮ್ಮ ಘಟ್ಟದ ಈ ಮರದಲ್ಲೂ ಇದೆ ಅಂತ ಗೊತ್ತಾಗಿ ಇದರ ಗ್ರಹಚಾರ ಕೆಟ್ಟಿತು. ಔಷಧಿ ಆಗೋದು ಫ್ಯಾಕ್ಟರಿಯಲ್ಲಿ ಶುದ್ಧ ಮಾಡಿ, ಬದಲಾಯಿಸಿದ ಮೇಲೆ, ಚಕ್ಕೆ ಕುದಿಸಿ ಕುಡಿದ್ರೆ ಅದು ಜೀವಕೋಶಕ್ಕೆ ವಿಷ.

ಮೂರನೇದು ಗುಲ್ಮಾವು. ಅಗರಬತ್ತಿಗೆ ಅಂಟು ಬೇಕು ಅಂತ ಇದರ ಚಕ್ಕೆಗೆ ಗಿರಾಕಿ ಇದೆ. ನಮ್ಮ ತೋಟದ ಮೇಲ್ಗಡೆ ಒಂದು ಇತ್ತು, ಎರಡು ಜನ ತಬ್ಬಿದ್ರೂ ಕೈ ಕೂಡ್ತಿರಲಿಲ್ಲ. ಒಂದಿನ ಹೋಗಿ ನೋಡಿದ್ರೆ ಬುಡದಿಂದ ಎದೆಮಟ್ಟದವರೆಗೆ ಯಾರೋ ಸುತ್ತಲೂ ಸುಲಿದುಕೊಂಡು ಹೋಗಿದಾರೆ. ಎಲೆ ಹಸಿರಾಗೇ ಇತ್ತು, ಯಾಕಂದ್ರೆ ನೀರು ಮೇಲೆ ಹೋಗೋದು ಒಳಗಿನ ಕಟ್ಟಿಗೆಯಲ್ಲಿ, ಅದನ್ನ ಅವರು ಮುಟ್ಟಿರಲಿಲ್ಲ. ಮುಂದಿನ ವರ್ಷ ಚಿಗುರೂ ಬಂತು, ಉಳೀತು ಬಿಡು ಅಂದ್ಕೊಂಡ್ವಿ. ಆದ್ರೆ ಎಲೆ ಮಾಡಿದ ಊಟ ಬೇರಿಗೆ ಇಳಿಯೋ ದಾರಿಯೇ ಆ ಚಕ್ಕೆ, ಬೇರು ಕೂಡಿಟ್ಟಿದ್ದನ್ನೇ ತಿಂದು ತಿಂದು ಮುಗಿಸ್ತು, ಮೂರನೇ ಮಳೆಗಾಲದ ಗಾಳಿಗೆ ಮರ ಬೇರು ಸಮೇತ ಹಳ್ಳಕ್ಕೆ ಬಿತ್ತು.